ಅಟ್ಟದ ಮೇಲಿನ ಕೋಡುಬಳೆ ಮತ್ತು ಸಾರ್ವಜನಿಕ ಆರೋಗ್ಯ

ಮಗುವಿನ ತೂಕ ಎಷ್ಟಿರಬೇಕು ಎಂಬುದನ್ನು ನಮ್ಮ ಮನೆಯಲ್ಲಿ ಮೂರು ಪ್ರಾಧಿಕಾರಗಳು ನಿರ್ಧರಿಸುತ್ತವೆ. ಮೊದಲನೆಯದು ನಮ್ಮಮ್ಮನ ಹೆಬ್ಬೆರಳು ಮತ್ತು ತೋರುಬೆರಳು. ಮೊಮ್ಮಗನ ಕೆನ್ನೆ ಹಿಂಡಿದಾಗ ಎರಡು ಬೆರಳಿನ ನಡುವೆ ಧಾರಾಳವಾಗಿ ಏನಾದರೂ ಸಿಕ್ಕಿತೋ, ಮಗು ಚೆನ್ನಾಗಿದೆ. ಸಿಗಲಿಲ್ಲವೋ, ಸೊಸೆ ಸರಿಯಾಗಿ ಊಟ ಹಾಕುತ್ತಿಲ್ಲ. ಎರಡನೆಯದು ಶಾಲೆಯ ಯೂನಿಫಾರಂ. ಜೂನ್ ತಿಂಗಳಲ್ಲಿ ಹೊಲಿಸಿದ ಚಡ್ಡಿಯ ಗುಂಡಿ ದಸರಾ ರಜೆಗೆ ಮುಂಚೆಯೇ ಹಾರಿಹೋದರೆ ಅದು ದರ್ಜಿಯ ತಪ್ಪು. ಮೂರನೆಯದು ಮಕ್ಕಳ ಡಾಕ್ಟರು. ಅವರ ಮಾತು ಕೇಳುವುದು ಜ್ವರ ಬಂದಾಗ ಮಾತ್ರ.

ಹಾಗೆ ಜ್ವರಕ್ಕೆಂದು ಹೋದಾಗಲೇ ಡಾಕ್ಟರು ನಮ್ಮ ಪುಟ್ಟನನ್ನು ತೂಕದ ಯಂತ್ರದ ಮೇಲೆ ಹತ್ತಿಸಿ, ಗೋಡೆಗೆ ಒರಗಿಸಿ ಎತ್ತರ ಅಳೆದು, ಒಂದು ಪಟದ ಮೇಲೆ ಚುಕ್ಕೆ ಇಟ್ಟರು. ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನವರು 5ರಿಂದ 18 ವರ್ಷದ ಮಕ್ಕಳಿಗಾಗಿ 2015ರಲ್ಲಿ ಹೊರತಂದ ಪಟ ಅದು. ಅದರಲ್ಲಿ ಎರಡು ಗೆರೆಗಳು ಮುಖ್ಯ. ಹೀಗೇ ಬೆಳೆದರೆ ದೊಡ್ಡವನಾದ ಮೇಲೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 23 ಮುಟ್ಟುವವನ ಗೆರೆ ಒಂದು, 27 ಮುಟ್ಟುವವನ ಗೆರೆ ಇನ್ನೊಂದು. ಮೊದಲನೆಯದನ್ನು ದಾಟಿದರೆ ತೂಕ ಹೆಚ್ಚು, ಎರಡನೆಯದನ್ನೂ ದಾಟಿದರೆ ಬೊಜ್ಜು. ಪುಟ್ಟನ ಚುಕ್ಕೆ ಎರಡರ ನಡುವೆ ಕಾಲು ಚಾಚಿ ಕೂತಿತ್ತು.

“ಮನೆಯಲ್ಲಿ ಬೇರೆ ಯಾರಿಗಾದರೂ ತೂಕ ಜಾಸ್ತಿ ಇದೆಯಾ?” ಎಂದರು ಡಾಕ್ಟರು.

ನಾನು ಗಹನವಾಗಿ ಯೋಚಿಸುತ್ತಾ ಹಿಂದಕ್ಕೆ ಒರಗಿದೆ. ಕುರ್ಚಿ ಕಿರ್ರೆಂದು ಉತ್ತರ ಕೊಟ್ಟಿತು.

ಅಂದೇ ನಮ್ಮ ಮನೆಯಲ್ಲಿ ಆರೋಗ್ಯ ಇಲಾಖೆ ಸ್ಥಾಪನೆಯಾಯಿತು. ನಿರ್ದೇಶಕ ನಾನೇ. ಅರ್ಹತೆ ಏನು ಎಂದು ಹೆಂಡತಿ ಕೇಳಿದಳು. ರಾತ್ರಿ ಊಟವಾದ ಮೇಲೆ ಸೋಫಾದಲ್ಲಿ ಅಡ್ಡಾಗಿ, ಹೊಟ್ಟೆಯ ಮೇಲೆ ಮೊಬೈಲು ನಿಲ್ಲಿಸಿಕೊಂಡು ಎಷ್ಟು ಹೊತ್ತು ಬೇಕಾದರೂ ಓದಬಲ್ಲೆ, ಇದಕ್ಕಿಂತ ಅರ್ಹತೆ ಬೇಕೇ? ಸಣಕಲರು ಇದಕ್ಕೆ ದುಡ್ಡು ಕೊಟ್ಟು ಸ್ಟ್ಯಾಂಡ್ ಕೊಳ್ಳಬೇಕು.

ಇಲಾಖೆಯ ಮೊದಲ ಸುತ್ತೋಲೆ ಸಕ್ಕರೆಯ ವಿರುದ್ಧ ಹೊರಟಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗೆ 17 ಆಹಾರ ಸೂತ್ರಗಳನ್ನು ಕೊಟ್ಟಿದೆ. ದಿನಕ್ಕೆ ಸಕ್ಕರೆ 20–25 ಗ್ರಾಂ ಮೀರಬಾರದು ಅನ್ನುತ್ತದೆ. ಇದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿ ಹೇಳಿದೆ. ಅಮ್ಮ ಪಾಯಸ ತಿರುವುತ್ತಿದ್ದವಳು ತಲೆ ಎತ್ತದೆ, “ನಾನೆಲ್ಲಿ ಸಕ್ಕರೆ ಹಾಕ್ತೀನೋ? ಬೆಲ್ಲ ಹಾಕೋದು” ಅಂದಳು. ಬೆಲ್ಲವೂ ಬಹುಪಾಲು ಸಕ್ಕರೆಯೇ, ವಿಶ್ವ ಆರೋಗ್ಯ ಸಂಸ್ಥೆಯವರು 2015ರ ಮಾರ್ಗಸೂಚಿಯಲ್ಲಿ ಜೇನುತುಪ್ಪವನ್ನೂ ಹಣ್ಣಿನ ರಸವನ್ನೂ ಸಹ ಇದೇ ಲೆಕ್ಕಕ್ಕೆ ಸೇರಿಸಿದ್ದಾರೆ ಎಂದೆ. “ಜೇನುತುಪ್ಪ ಸಕ್ಕರೆ ಅಂತ ಯಾವನಾದ್ರೂ ಹೇಳ್ತಾನಾ? ಅವರ ಮನೇಲಿ ಹಿರಿಯರು ಯಾರೂ ಇಲ್ವಾ?” ಎಂದು ಜಿನೀವಾದಲ್ಲಿ ಕೂತ ಆ ಸಂಸ್ಥೆಯವರ ಬಗ್ಗೆ ಮರುಕಪಟ್ಟಳು. ಆ ಸುತ್ತೋಲೆ ಒಲೆಯ ಪಕ್ಕದಲ್ಲೇ ಬೆಚ್ಚಗೆ ಮಲಗಿತು.

ಸುತ್ತೋಲೆ ಜಾರಿಯಾದದ್ದು ನಾನು ಎಣಿಸಿರದ ದಿಕ್ಕಿನಿಂದ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ “ಶುಗರ್ ಬೋರ್ಡ್” ಹಾಕಬೇಕೆಂದು ಹೇಳಿತಲ್ಲ, ಯಾವ ತಿಂಡಿಯಲ್ಲಿ, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಮಕ್ಕಳ ಕಣ್ಣಿಗೆ ಕಾಣಿಸುವ ಫಲಕ. ಪುಟ್ಟ ಅದನ್ನು ಬಾಯಿಪಾಠ ಮಾಡಿಕೊಂಡು ಬಂದ. ಮಗ್ಗಿ ಕಲಿಯಲು ಒಂದು ವರ್ಷ ತೆಗೆದುಕೊಂಡ ಹುಡುಗ ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿತ. 300 ಮಿಲಿ ಕೋಲಾದಲ್ಲಿ 30 ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದಂತೆ, ಒಂದು ಟೀ ಚಮಚ ಅಂದರೆ ಸುಮಾರು 4 ಗ್ರಾಂ ಅಂತೆ. ಚಮಚ ಎಂದ ಕೂಡಲೇ ಅವನ ಕಣ್ಣು ನನ್ನ ಕಾಫಿ ಲೋಟದ ಕಡೆ ತಿರುಗಿತು.

“ಅಪ್ಪಾ, ನಿಂಗೆ ಲೋಟಕ್ಕೆ ಎರಡು ಚಮಚ. ದಿನಕ್ಕೆ ನಾಲ್ಕು ಲೋಟ. ಮೂರನೇ ಲೋಟಕ್ಕೇ 24 ಗ್ರಾಂ ಆಗೋಯ್ತು. ನಾಲ್ಕನೇದು ನಾಳೇದು.”

ಆಫೀಸಿನಲ್ಲಿ ಕುಡಿದದ್ದನ್ನು ಮನೆಯ ಲೆಕ್ಕಕ್ಕೆ ಸೇರಿಸಬಾರದು ಎಂದು ನಾನು ವಾದಿಸಿದೆ. ಹೊಟ್ಟೆ ಒಂದೇ ಅಲ್ಲವೇ ಎಂದ. ಈ ತರ್ಕವನ್ನು ಅವನಿಗೆ ಯಾರು ಹೇಳಿಕೊಟ್ಟರೋ, ಬೋರ್ಡಿನಲ್ಲಂತೂ ಇರಲಿಕ್ಕಿಲ್ಲ.

ಸಕ್ಕರೆ ಖಾತೆಯಲ್ಲಿ ಮುಖಭಂಗವಾದ ಮೇಲೆ ಹಣ್ಣು ತರಕಾರಿ ಖಾತೆಗೆ ಬಂದೆ. ಇಲ್ಲಿ ನನಗೆ ದಾರಿ ತೋರಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಿಯಾನ್ ವಾನ್ಸಿಂಕ್. ಸೇಬಿನ ಮೇಲೆ ಎಲ್ಮೋ ಎಂಬ ಗೊಂಬೆಯ ಸ್ಟಿಕರ್ ಅಂಟಿಸಿದರೆ ಮಕ್ಕಳು ಬಿಸ್ಕತ್ತು ಬಿಟ್ಟು ಸೇಬು ಎತ್ತಿಕೊಳ್ಳುತ್ತಾರೆ ಎಂದು ಅವರ ತಂಡ 2012ರಲ್ಲಿ ಬರೆದಿತ್ತು. ಇಷ್ಟು ಸುಲಭದ ಉಪಾಯ ನಮ್ಮ ಹಿರಿಯರಿಗೆ ಹೊಳೆಯಲಿಲ್ಲವಲ್ಲ ಎಂದು ನೊಂದುಕೊಂಡು ಅಂಗಡಿಯಿಂದ ಒಂದು ಕಟ್ಟು ಕಾರ್ಟೂನ್ ಸ್ಟಿಕರ್ ತಂದೆ. ಸೀಬೆಹಣ್ಣಿಗೆ ಒಂದು, ಮೂಸಂಬಿಗೆ ಒಂದು, ಬೀಟ್‌ರೂಟ್‌ಗೆ ಎರಡು. ಪುಟ್ಟ ಬಹಳ ಆಸಕ್ತಿಯಿಂದ ಹಣ್ಣುಗಳ ಸ್ಟಿಕರನ್ನು ಉಗುರಿನಿಂದ ಕಿತ್ತು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಹಣ್ಣನ್ನು ನನ್ನ ಕೈಗೆ ವಾಪಸು ಕೊಟ್ಟ. ಬೀಟ್‌ರೂಟಿನದು ಅಂಟಿಯೇ ಇತ್ತು. ಅಂದಿನ ಸಾರಿನಲ್ಲಿ ಒಂದು ಗೊಂಬೆಯ ಕಿವಿ ತೇಲಿತು.

ಆಮೇಲೆ ಹೆಂಡತಿ ಅದೇ ಮೊಬೈಲಿನಲ್ಲಿ ಇನ್ನೂ ಒಂದು ಬೆರಳು ಕೆಳಗೆ ಸರಿಸಿ ಓದಿದಳು. ಆ ಲೇಖನವನ್ನು 2017ರಲ್ಲೇ ಹಿಂತೆಗೆದುಕೊಳ್ಳಲಾಗಿತ್ತು. 8ರಿಂದ 11 ವರ್ಷದವರು ಎಂದು ಬರೆದಿದ್ದ ಮಕ್ಕಳು ನಿಜವಾಗಿ 3ರಿಂದ 5 ವರ್ಷದವರಾಗಿದ್ದರು. ಮರುವರ್ಷ ವಿಶ್ವವಿದ್ಯಾಲಯವೇ ತನಿಖೆ ಮಾಡಿ, ವಾನ್ಸಿಂಕ್ ಅವರ ಸಂಶೋಧನೆಯಲ್ಲಿ ದುರ್ನಡತೆ ಇದೆ ಎಂದಿತು. ಅವರು ರಾಜೀನಾಮೆ ಕೊಟ್ಟರು. ನಾನು ಸೀಬೆಹಣ್ಣು ಹಿಡಿದು ಅಂಟಿಸುತ್ತಿದ್ದಾಗ ಆ ಸಂಶೋಧನೆ ತೀರಿಕೊಂಡು ವರ್ಷಗಳೇ ಆಗಿದ್ದವು. ನಾನು ಅದರ ವಾರ್ಷಿಕ ಶ್ರಾದ್ಧಕ್ಕೆ ಹಣ್ಣು ಜೋಡಿಸುತ್ತಿದ್ದೆ.

ಆದರೆ ಮಕ್ಕಳ ಕಣ್ಣನ್ನು ಗೊಂಬೆ ಸೆಳೆಯುತ್ತದೆ ಎಂಬ ಗುಟ್ಟು ಬಿಸ್ಕತ್ತು, ಸೀರಿಯಲ್ಲು ಮಾರುವವರಿಗೆ ಮೊದಲಿನಿಂದಲೂ ಗೊತ್ತು. ಅದಕ್ಕೇ ದಕ್ಷಿಣ ಅಮೆರಿಕದ ಚಿಲಿ ದೇಶ 2016ರಲ್ಲಿ ಕಾನೂನು ಜಾರಿ ಮಾಡಿ, ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮುಖದ ಮೇಲೆ ಎಂಟು ಮೂಲೆಯ ಕಪ್ಪು ಮುದ್ರೆ ಒತ್ತಿಸಿತು. ಅಂಥ ಪೊಟ್ಟಣಗಳ ಮೇಲಿದ್ದ ಹುಲಿ, ಕರಡಿ, ಮೊಲಗಳನ್ನು ಕೆಳಗಿಳಿಸಿತು. ಒಂದು ಸರ್ಕಾರ ಕಾನೂನು ತಂದು ಮಾಡಬೇಕಾದ ಕೆಲಸವನ್ನು ನಾನು ಒಂದು ಕಟ್ಟು ಸ್ಟಿಕರ್ ಹಿಡಿದು ಮಾಡಹೊರಟಿದ್ದೆ.

ಇನ್ನು ಕೋಡುಬಳೆಯ ವಿಷಯ. ಅಮ್ಮ ಮಾಡುವ ಕೋಡುಬಳೆ ನಮ್ಮ ಬೀದಿಯಲ್ಲಿ ಹೆಸರುವಾಸಿ. ಅಕ್ಕಿಹಿಟ್ಟು, ಚಿರೋಟಿ ರವೆ, ಹುರಿಗಡಲೆ ಪುಡಿ, ಬ್ಯಾಡಗಿ ಮೆಣಸಿನಕಾಯಿ, ಕಾಯಿತುರಿ, ಇಂಗು. ಅದರ ಮೇಲೆ ಬಿಸಿ ಎಣ್ಣೆ ಸುರಿದು ಕಲಸಿ, ಬೆರಳಿನ ಗಾತ್ರಕ್ಕೆ ಹೊಸೆದು, ಎರಡು ತುದಿ ಸೇರಿಸಿ ಒತ್ತಿ, ಉರಿ ಸಣ್ಣಗಿಟ್ಟು ನಿಧಾನಕ್ಕೆ ಕರಿಯುತ್ತಾಳೆ. ಕಚ್ಚಿದರೆ ಪಕ್ಕದ ಮನೆಗೆ ಕೇಳಿಸಬೇಕು. ಇಲಾಖೆ ಇದನ್ನು ನಿರ್ಬಂಧಿತ ಪದಾರ್ಥ ಎಂದು ಘೋಷಿಸಿತು. ಡಬ್ಬಿಯನ್ನು ಅಟ್ಟದ ಮೇಲೆ, ಪುಟ್ಟನ ಕೈಗೆ ಎಟುಕದಷ್ಟು ಎತ್ತರಕ್ಕೆ ಏರಿಸಲಾಯಿತು. ಸ್ಟೀಲ್ ಡಬ್ಬಿಗಳೆಲ್ಲ ಅಕ್ಕಿ ಬೇಳೆಗೆ ಹೋಗಿದ್ದರಿಂದ ಸಿಕ್ಕಿದ್ದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ.

ಅಲ್ಲಿಯವರೆಗೆ ಪುಟ್ಟನಿಗೆ ಕೋಡುಬಳೆಯ ಮೇಲೆ ಅಂಥ ಮಮಕಾರವೇನೂ ಇರಲಿಲ್ಲ. ಖಾರ ಅನ್ನುತ್ತಿದ್ದ. ಡಬ್ಬಿ ಅಟ್ಟ ಹತ್ತಿದ ದಿನದಿಂದ ಹೋಂವರ್ಕನ್ನು ಅಡುಗೆಮನೆಯಲ್ಲಿ ಕೂತು ಮಾಡತೊಡಗಿದ. ಮೇಲೆ ನೋಡಿ ಒಂದು ಲೆಕ್ಕ, ಕೆಳಗೆ ನೋಡಿ ಒಂದು ಲೆಕ್ಕ.

ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಜೆನಿಫರ್ ಫಿಶರ್ ಮತ್ತು ಲಿಯಾನ್ ಬರ್ಚ್ 1999ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ. ಹೆಚ್ಚುಕಡಿಮೆ ಒಂದೇ ಥರದ ಎರಡು ಹಣ್ಣಿನ ಬಿಸ್ಕತ್ತುಗಳಲ್ಲಿ ಒಂದನ್ನು ಮಕ್ಕಳಿಗೆ ಧಾರಾಳವಾಗಿ ಬಿಟ್ಟು, ಇನ್ನೊಂದನ್ನು ಪಾರದರ್ಶಕ ಜಾಡಿಯಲ್ಲಿ ಮೇಜಿನ ನಡುವೆ ಇಟ್ಟು, ಮುಟ್ಟಬೇಡಿ ಎಂದರು. ಮಕ್ಕಳ ಮಾತೆಲ್ಲ ಜಾಡಿಯದೇ ಆಯಿತು. ಕಣ್ಣು, ಕೈ ಹೋದದ್ದೂ ಜಾಡಿಯ ಕಡೆಗೇ. ಕಣ್ಣಿಗೆ ಕಾಣಿಸಿ ಕೈಗೆ ಸಿಗದಂತೆ ಮಾಡುವುದು ರುಚಿ ಹೆಚ್ಚಿಸುವ ಉಪಾಯ ಎಂದು ಅವರು ಅನುದಾನ ಪಡೆದು ಸಾಧಿಸಿದ್ದನ್ನು ನಾನು ಒಂದು ಸ್ಟೂಲು ಮತ್ತು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಧಿಸಿದ್ದೆ.

ಸ್ಟೂಲು ಎಂದೆನಲ್ಲ, ಅಲ್ಲೇ ಎಡವಟ್ಟಾಯಿತು. ಡಬ್ಬಿಯಲ್ಲಿ ಕೋಡುಬಳೆಯ ಮಟ್ಟ ದಿನೇ ದಿನೇ ಇಳಿಯುತ್ತಿತ್ತು. ಒಂದು ಭಾನುವಾರ ನಾನು ಎಲ್ಲರನ್ನೂ ಸೇರಿಸಿ, ಮಗನ ಮುಖ ನೋಡುತ್ತಾ, ಆತ್ಮಸಂಯಮದ ಬಗ್ಗೆ ನಾಲ್ಕು ಮಾತು ಹೇಳಿದೆ. ಪುಟ್ಟ ಸ್ಟೂಲು ಎಳೆದು ತಾನೇ ಹತ್ತಲು ಹೋದ. ಅವನ ಕೈ ಅಟ್ಟದ ಅಂಚಿನಿಂದ ಒಂದು ಗೇಣು ಕೆಳಗೇ ನಿಂತಿತು. ಆಮೇಲೆ ಅವರಮ್ಮನಿಂದ ಡಬ್ಬಿ ಇಳಿಸಿಸಿದ. ಡಬ್ಬಿಯ ಬೆನ್ನಿನ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ ಒಂದರ ಕೆಳಗೊಂದು ಅಡ್ಡಗೆರೆಗಳು. ಪ್ರತಿ ಗೆರೆಯ ಪಕ್ಕ “ರಾ” ಅಥವಾ “ಬೆ”. ರಾತ್ರಿ ಮಲಗುವ ಮುಂಚೆ ಅಜ್ಜಿ ಡಬ್ಬಿ ಇಳಿಸಿಕೊಡುವುದು, ಅವನು ಗೆರೆ ಎಳೆಯುವುದು. ಬೆಳಿಗ್ಗೆ ಎದ್ದು ಮತ್ತೆ ಗೆರೆ. “ಬೆ” ಯಾವಾಗಲೂ “ರಾ”ಗಿಂತ ಕೆಳಗೆ.

“ಇಲಿ ಇರಬೇಕು,” ಎಂದೆ.

“ಇಲಿ ಮುಚ್ಚಳ ತಿರುಗಿಸಿ ಹಾಕಿ ಹೋಗತ್ತೇನೋ?” ಎಂದಳು ಅಮ್ಮ.

ನಮ್ಮ ಮನೆಯಲ್ಲಿ ಇದುವರೆಗೆ ನಡೆದ ಸಂಶೋಧನೆಗಳಲ್ಲಿ ದತ್ತಾಂಶ ಸರಿಯಾಗಿದ್ದದ್ದು ಇದೊಂದೇ ಎಂದು ಹೆಂಡತಿ ತೀರ್ಪು ಕೊಟ್ಟಳು. ನಿರ್ದೇಶಕರ ಅಧಿಕಾರ ಮೊಟಕಾಯಿತು. ಡಬ್ಬಿ ಕೆಳಗಿಳಿಯಿತು. ಕೋಡುಬಳೆ ಹಬ್ಬಕ್ಕೆ ಮಾತ್ರ ಮಾಡುವುದು, ಮಾಡಿದಾಗ ಎಲ್ಲರೂ ಒಟ್ಟಿಗೆ ಕೂತು ತಟ್ಟೆಯಲ್ಲಿ ಹಾಕಿಕೊಂಡು ತಿನ್ನುವುದು ಎಂದು ಹೊಸ ನಿಯಮ ಬಂತು. ಒಂದೆರಡು ಹಬ್ಬ ಕಳೆಯುವಷ್ಟರಲ್ಲಿ ಪುಟ್ಟನಿಗೆ ಮತ್ತೆ ಖಾರ ಅನ್ನಿಸತೊಡಗಿತು.

ಅಧಿಕಾರ ಹೋದ ಮೇಲೂ ನನಗೆ ಒಂದು ಎದುರಾಳಿ ಉಳಿದಿತ್ತು: ಅಮ್ಮನ ಕೈತುತ್ತು. ಅನ್ನಕ್ಕೆ ಸಾರು ಕಲಸಿ, ತುಪ್ಪ ಬಿಟ್ಟು, ಉಂಡೆ ಮಾಡಿ ಅಂಗೈಗೆ ಇಡುತ್ತಾಳೆ. “ಇದು ಕೊನೇ ತುತ್ತು” ಅನ್ನುತ್ತಾಳೆ. ಅದಾದ ಮೇಲೆ ಬರುವುದು ತಾತನ ಹೆಸರಿನ ತುತ್ತು, ಆಮೇಲೆ ಪಾತ್ರೆಯಲ್ಲಿ ಉಳಿಸಬಾರದೆಂಬ ತುತ್ತು. ಪುಟ್ಟ ಸಾಕು ಎಂದದ್ದಕ್ಕೆ ಈ ಲೋಕದಲ್ಲಿ ಸಾಕ್ಷಿಯೇ ಇಲ್ಲ. ಬರ್ಚ್ ಅವರ ತಂಡ 2006ರಲ್ಲಿ ಇದನ್ನೂ ಪ್ರಕಟಿಸಿತ್ತು: ಪುಟ್ಟ ಮಕ್ಕಳಿಗೆ ಸೂಪು ಕೊಟ್ಟು, ಕೆಲವು ದಿನ “ದಯವಿಟ್ಟು ಸೂಪು ಮುಗಿಸು” ಎಂದು ಒತ್ತಾಯಿಸಿದರು, ಕೆಲವು ದಿನ ಸುಮ್ಮನಿದ್ದರು. ಸುಮ್ಮನಿದ್ದಾಗ ಮಕ್ಕಳು ಹೆಚ್ಚು ಕುಡಿದರು, ಗೊಣಗಿದ್ದು ಕಡಿಮೆ.

ಇದನ್ನು ಹೇಳಲು ಹೋದವನು ಬಾಯಿ ಮುಚ್ಚಿಕೊಂಡೆ. ಅಮ್ಮನ ಕಾಲದಲ್ಲಿ ಮಗುವಿನ ಶತ್ರು ಹಸಿವು. ಆ ಶತ್ರು ಇವತ್ತಿಗೂ ಊರು ಬಿಟ್ಟು ಹೋಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದೇ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ತೂಕ ಮೀರಿದವರು ಶೇ. 2.1ರಿಂದ 3.4ಕ್ಕೆ ಏರಿದ್ದಾರೆ. 2025ರಲ್ಲಿ ಯುನಿಸೆಫ್ ಹೇಳಿದ್ದು ಇನ್ನೂ ವಿಚಿತ್ರ: ಜಗತ್ತಿನ 5ರಿಂದ 19 ವರ್ಷದವರಲ್ಲಿ ಬೊಜ್ಜಿರುವವರು ಶೇ. 9.4, ತೂಕ ಸಾಲದವರು ಶೇ. 9.2, ಬೊಜ್ಜು ಹಸಿವನ್ನು ಹಿಂದಿಕ್ಕಿದ್ದು ಇದೇ ಮೊದಲು. ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಹಾಲು, ಮೊಟ್ಟೆ, ರಾಗಿ ಮಾಲ್ಟ್ ಕೊಟ್ಟು ಮೈ ಹಿಡಿಸಲು ಹೆಣಗುತ್ತಿರುವಾಗ ಎರಡು ಬೀದಿ ಆಚೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೈ ಇಳಿಸಲು ಟ್ಯೂಷನ್ ಹುಡುಕುತ್ತಿದ್ದೇವೆ. ಅಮ್ಮನ ಬೆರಳುಗಳಿಗೆ ಇಂಥ ಕಾಲ ಬರುತ್ತದೆಂದು ಯಾರೂ ಹೇಳಿರಲಿಲ್ಲ.

ಅಪಾರ್ಟ್‌ಮೆಂಟು ಎಂದ ಮೇಲೆ ಆಟದ ಮಾತೂ ಬಂತು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಓಡಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪುಟ್ಟನಿಗೆ ಇದನ್ನು ಹೇಳಿ ಹೊರಗೆ ಅಟ್ಟಿದೆ. ಐದೇ ನಿಮಿಷದಲ್ಲಿ ವಾಪಸು ಬಂದು ನನ್ನ ಕೈ ಹಿಡಿದು ಲಿಫ್ಟಿನ ಪಕ್ಕದ ಗೋಡೆಗೆ ಕರೆದೊಯ್ದ. “ಆವರಣದಲ್ಲಿ ಚೆಂಡಾಟ, ಓಟ, ಸೈಕಲ್ ಸವಾರಿ ನಿಷೇಧಿಸಲಾಗಿದೆ” ಎಂಬ ನೋಟಿಸು. ಕೆಳಗೆ ಸಮಿತಿಯ ಪರವಾಗಿ ಸಹಿ. ಆ ಸಹಿ ನನ್ನದೇ. ಹಿಂದೊಮ್ಮೆ ಯಾರದೋ ಚೆಂಡು ನನ್ನ ಕಾರಿನ ಕನ್ನಡಿಗೆ ಬಡಿದಾಗ ಸಾರ್ವಜನಿಕ ಹಿತದೃಷ್ಟಿಯಿಂದ ನಾನೇ ಟೈಪಿಸಿ ಅಂಟಿಸಿದ್ದು. ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಮುಗಿಸಿ, ಮಗನನ್ನು ಬ್ಯಾಡ್ಮಿಂಟನ್ ಕ್ಲಾಸಿಗೆ ಕಾರಿನಲ್ಲಿ ಬಿಟ್ಟುಬರುತ್ತಿದ್ದೆ. ಅವನು ಆಡುವಷ್ಟು ಹೊತ್ತು ನಾನು ಹೊರಗೆ ಬೆಂಚಿನಲ್ಲಿ ಕೂತು, ವ್ಯಾಯಾಮದ ಮಹತ್ವದ ಬಗ್ಗೆ ಬಂದ ಸಂದೇಶಗಳನ್ನು ಮುಂದಕ್ಕೆ ಕಳಿಸುತ್ತಿದ್ದೆ.

ಶಾಲೆಯಿಂದ ಕರೆತರುವಾಗಿನ ಕಥೆ ಬೇರೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಯನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಬಹಳ ಒಳ್ಳೆಯ ನಿಯಮ. ಅದನ್ನು ಪುಟ್ಟನಿಗೆ ವಿವರಿಸುತ್ತಾ ವಿವರಿಸುತ್ತಾ ನಾವು 51ನೇ ಮೀಟರಿಗೆ ತಲುಪುತ್ತೇವೆ. ಅಲ್ಲಿ ಬೇಕರಿ ಇದೆ. ಬೆಣ್ಣೆ ಬಿಸ್ಕತ್ತಿನ ವಾಸನೆಗೆ ಮೀಟರಿನ ಲೆಕ್ಕ ಗೊತ್ತಿಲ್ಲ. ಒಂದು ಖಾರಾ ಬನ್ನು, ಒಂದು ದಿಲ್‌ಪಸಂದು ಕೊಂಡು, “ಅಮ್ಮನಿಗೆ ಹೇಳಬೇಡ” ಎಂದು ನಾನು ಅವನಿಗೆ ಹೇಳಬೇಕು. ಅವನೇ ನನಗೆ ಹೇಳುತ್ತಾನೆ.

ಗೆದ್ದದ್ದು ಒಂದೇ ಒಂದು ಯೋಜನೆ, ಅದೂ ನನ್ನದಲ್ಲ, ಹೆಂಡತಿಯದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಜೇನ್ ವಾರ್ಡಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಅವಳಿಗೆ ಹಿಡಿಸಿತು. 2ರಿಂದ 6 ವರ್ಷದ ಮಕ್ಕಳಿಗೆ ಅವರು ಇಷ್ಟಪಡದ ತರಕಾರಿಯೊಂದನ್ನು ತಂದೆತಾಯಿ 14 ದಿನ ದಿನಕ್ಕೊಂದು ಚೂರು ರುಚಿ ತೋರಿಸಬೇಕು, ಅಷ್ಟೇ. ಇನ್ನೊಂದು ಗುಂಪಿನ ಪೋಷಕರಿಗೆ ಪೋಷಣೆಯ ಬಗ್ಗೆ ಕರಪತ್ರ ಕೊಟ್ಟರು. ಚೂರು ತಿಂದವರು ಆ ತರಕಾರಿಯನ್ನು ಹೆಚ್ಚು ಇಷ್ಟಪಟ್ಟರು, ಹೆಚ್ಚು ತಿಂದರು. ಕರಪತ್ರದಿಂದ ಅಂಥ ಪವಾಡವೇನೂ ಆಗಲಿಲ್ಲ. ನಾನು ಮನೆಯಲ್ಲಿ ಇಷ್ಟು ದಿನ ಹಂಚುತ್ತಿದ್ದದ್ದು ಕರಪತ್ರ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಹೆಂಡತಿ ಆರಿಸಿದ್ದು ಸೋರೆಕಾಯಿ. ಪುಟ್ಟ ಚೂರನ್ನು ನೋಡಿದ, ನನ್ನ ತಟ್ಟೆಯನ್ನು ನೋಡಿದ. “ಅಪ್ಪ ಮೊದಲು,” ಎಂದ. ಮದುವೆಯಾದಂದಿನಿಂದ ಸೋರೆಕಾಯಿಯನ್ನು ತಟ್ಟೆಯ ಅಂಚಿಗೆ ತಳ್ಳಿ ಕರಿಬೇವಿನ ಕೆಳಗೆ ಮುಚ್ಚಿಡುವುದರಲ್ಲಿ ಪಳಗಿದ ನನ್ನ ಕೈ ಮೊದಲ ಬಾರಿ ಅದನ್ನು ಬಾಯಿಗೆ ಒಯ್ದಿತು. ಬಲವಂತ ಯಾರಿಗೂ ಇಲ್ಲ, ತಿಂದರೆ ಶಹಬ್ಬಾಸೂ ಇಲ್ಲ. ಪುಟ್ಟ ಮೂಗು ಮುರಿಯುತ್ತಾ ಶುರುಮಾಡಿ, ಕೆಲವು ದಿನಕ್ಕೆ ಮೂಗು ನೇರಮಾಡಿ, ಆಮೇಲೆ ಮಾತಾಡುತ್ತಾ ಮಾತಾಡುತ್ತಾ ಪಲ್ಯ ಮುಗಿಸತೊಡಗಿದ. ನಾನು ಇನ್ನೂ ಮೂಗಿನ ಹಂತದಲ್ಲೇ ಇದ್ದೇನೆ. ಆರು ವರ್ಷ ದಾಟಿದವರ ಮೇಲೆ ಆ ಪ್ರಯೋಗ ನಡೆದಿರಲಿಲ್ಲ ಎಂಬುದು ನನ್ನ ಪರವಾದ ಒಂದು ಅಂಶ.

ಪೋಷಣಾ ಸಂಸ್ಥೆಯವರು ದಿನದ ತಟ್ಟೆಯ ಒಂದು ಮಾದರಿ ಕೊಟ್ಟಿದ್ದಾರೆ. 2000 ಕ್ಯಾಲರಿಯ ಊಟಕ್ಕೆ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ. ಅಂದರೆ ಅನ್ನ ಮುದ್ದೆ ಚಪಾತಿಗೆ ಬಳಸುವ ಧಾನ್ಯದ ಎರಡರಷ್ಟು ತರಕಾರಿ, ಹಣ್ಣು. ನಮ್ಮ ತಟ್ಟೆ ಇದನ್ನು ತಲೆಕೆಳಗಾಗಿ ಓದಿಕೊಂಡಿದೆ. ನಡುವೆ ಅನ್ನದ ಗುಡ್ಡ, ಅದರ ಮೇಲೆ ಸಾರಿನ ಕೆರೆ, ಪಲ್ಯಕ್ಕೆ ಉಪ್ಪಿನಕಾಯಿಯ ಜಾಗ. ಆ ತಟ್ಟೆ ಬಡಿಸುವವರು ಮಕ್ಕಳಲ್ಲ. ಬಿಸ್ಕತ್ತಿನ ಪೊಟ್ಟಣ ಮನೆಗೆ ತರುವವರೂ ಅವರಲ್ಲ, ಆಟದ ಜಾಗದಲ್ಲಿ ಕಾರು ನಿಲ್ಲಿಸುವವರೂ ಅವರಲ್ಲ, ಶಾಲೆಯ ಪಕ್ಕದಲ್ಲಿ ಏನು ಮಾರಬೇಕೆಂದು ತೀರ್ಮಾನಿಸುವವರೂ ಅವರಲ್ಲ. ಆದರೂ ತೂಕದ ಯಂತ್ರದ ಮೇಲೆ ನಿಲ್ಲಬೇಕಾದವರು ಮಾತ್ರ ಅವರೇ.

ಆದ್ದರಿಂದ ಓದುಗರಲ್ಲಿ ವಿನಂತಿ. ಮದುವೆಮನೆಯಲ್ಲಿ ಯಾರ ಮಗುವನ್ನೂ “ಏನೋ ಡುಮ್ಮ” ಎಂದು ಕರೆಯಬೇಡಿ. ಮನೆಯಲ್ಲಿ ತೂಕದ ಮಾತು ಬಿಟ್ಟು ಒಟ್ಟಿಗೆ ಕೂತು ಊಟ ಮಾಡಿ ಎಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2016ರಲ್ಲೇ ಸಲಹೆ ಕೊಟ್ಟಿದೆ. ಮಗು ಸಾಕು ಅಂದರೆ ಸಾಕು. ಕೊಡಬಾರದೆಂದಿರುವ ತಿಂಡಿಯನ್ನು ಬಚ್ಚಿಡುವ ಬದಲು ಕೊಳ್ಳುವಾಗಲೇ ಕಡಿಮೆ ಕೊಳ್ಳಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಚೆಂಡಾಟ ನಿಷೇಧಿಸಿದ ನೋಟಿಸು ಇದ್ದರೆ ಕಿತ್ತುಹಾಕಿ. ನಮ್ಮಲ್ಲಿ ಕಿತ್ತುಹಾಕಲಾಗಿದೆ, ಕಾರಿನ ಇನ್ನೊಂದು ಕನ್ನಡಿಯೂ ಹೋಗಿದೆ, ಮಕ್ಕಳು ಕತ್ತಲಾಗುವವರೆಗೆ ಕೆಳಗೇ ಇರುತ್ತಾರೆ.